ಜನವರಿಯ ನೀರುಹಕ್ಕಿ ಗಣತಿ: ಬಾತುಗಳ ದೊಡ್ಡ ಹಿಂಡನ್ನು ನಂಬುವಂತೆ ಎಣಿಸುವುದು ಹೇಗೆ?

ಪ್ರಶ್ನೆ
ಬರೆದವರು: ಹೊಲದಂಚು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಮಾಗಡಿ ಕೆರೆ ನಮಗೆ ದೂರವೇನಲ್ಲ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದೂ, 2024ರಲ್ಲಿ ಆ ಕೆರೆ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಇಲ್ಲಿನ ಓದುಗರಿಗೆ ತಿಳಿದೇ ಇದೆ. ಆ ಕೆರೆಗೆ ಎಣಿಸುವವರು ಬರುತ್ತಾರೆ. ನಮ್ಮೂರಿನ ಕೆರೆಯನ್ನು ಎಣಿಸಿದವರು ನಾನು ಬಲ್ಲಂತೆ ಯಾರೂ ಇಲ್ಲ. ಬರುವ ಜನವರಿಯ ಏಷ್ಯನ್ ನೀರುಹಕ್ಕಿ ಗಣತಿಯಲ್ಲಿ ಒಂಬತ್ತನೆಯ ತರಗತಿಯ ಕೆಲವು ಮಕ್ಕಳನ್ನೂ ಊರಿನ ಆಸಕ್ತ ಯುವಕರನ್ನೂ ಸೇರಿಸಿಕೊಂಡು ಈ ಕೆಲಸಕ್ಕೆ ಕೈಹಾಕಬೇಕೆಂದಿದ್ದೇನೆ.

ನನ್ನ ತೊಡಕುಗಳು ಹೀಗಿವೆ. ನಾಮದ ಕೋಳಿ, ಗುಳುಮುಳುಕ, ಬೆಳ್ಳಕ್ಕಿ, ಕೆಂಬರಲು, ಮೆಟ್ಟುಗಾಲು ಹಕ್ಕಿ ಇವುಗಳನ್ನು ನಾನು ಅನುಮಾನವಿಲ್ಲದೆ ಗುರುತಿಸಬಲ್ಲೆ. ಆದರೆ ಕೆರೆಯ ಆಚೆ ದಡದಲ್ಲಿ ನೂರಾರು ಬಾತುಗಳು ಒಟ್ಟಿಗೆ ಕುಳಿತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನನ್ನ ಕಣ್ಣಿಗೆ ಬರೀ ಕಂದು ಬಣ್ಣದವು. ಜೌಗು ಸೆಳೆವ ಎಂಬ ಬೇಟೆಹಕ್ಕಿ ಒಂದು ಸುತ್ತು ಹಾಕಿತೆಂದರೆ ಇಡೀ ಹಿಂಡು ಎದ್ದುಬಿಡುತ್ತದೆ, ಎಣಿಕೆ ಅಲ್ಲಿಗೆ ಮುಗಿಯಿತು. ಹೆಬ್ಬಾತುಗಳ ಸಮಸ್ಯೆ ಬೇರೆಯದು: ಬೆಳಿಗ್ಗೆ ಅವು ಕೆರೆಯಲ್ಲಿ ಇರುವುದಕ್ಕಿಂತ ಕಡಲೆ ಹೊಲಗಳಲ್ಲಿ ಇರುವುದೇ ಹೆಚ್ಚು. ಅವುಗಳನ್ನು ಹೊಲದಲ್ಲಿ ಎಣಿಸಬೇಕೇ, ಕೆರೆಯಲ್ಲಿಯೇ? ಮಾಗಡಿಯಲ್ಲಿ ಲೆಕ್ಕಕ್ಕೆ ಸಿಕ್ಕ ಹಕ್ಕಿಯೇ ನಮ್ಮಲ್ಲಿಯೂ ಲೆಕ್ಕಕ್ಕೆ ಬಂದರೆ ಏನು ಮಾಡುವುದು?

ಕೊನೆಯದಾಗಿ, ಗಣಿತ ಕಲಿಸುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ‘ಅಂದಾಜಿನ ಲೆಕ್ಕ ಲೆಕ್ಕವೇ ಅಲ್ಲ, ಮಕ್ಕಳಿಗೆ ಅದನ್ನು ಕಲಿಸಬೇಡಿ’ ಎನ್ನುತ್ತಾರೆ. ಅವರಿಗೆ ಏನು ಹೇಳಬೇಕೆಂದು ನನಗೆ ತೋಚಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ
ಬರೆದವರು: ಏರಿಮೇಲೆ

ನಾನು ಮೈಸೂರು ಸೀಮೆಯ ಕೆರೆಗಳಲ್ಲಿ ಎಣಿಸುವವನು. ನಿಮ್ಮ ಸೀಮೆಯ ಎರೆಭೂಮಿಯ ಕೆರೆಗಳು ನನಗೆ ಅಷ್ಟಾಗಿ ಪರಿಚಯವಿಲ್ಲ, ಆದರೆ ದೊಡ್ಡ ಹಿಂಡಿನ ತಲೆನೋವು ಎಲ್ಲ ಕಡೆಯೂ ಒಂದೇ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಈ ಗಣತಿ ಭಾರತ ಉಪಖಂಡದಲ್ಲಿ 1987ರಲ್ಲಿ ಆರಂಭವಾಯಿತು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1967ರಲ್ಲಿ, ಶುರುವಾದ ಅಂತರರಾಷ್ಟ್ರೀಯ ನೀರುಹಕ್ಕಿ ಗಣತಿಯ ಏಷ್ಯಾದ ಭಾಗ ಇದು. ಒಂದು ಜೌಗುಪ್ರದೇಶದಲ್ಲಿ ನಿಯಮಿತವಾಗಿ 20,000 ಅಥವಾ ಅದಕ್ಕಿಂತ ಹೆಚ್ಚು ನೀರುಹಕ್ಕಿಗಳಿದ್ದರೆ, ಇಲ್ಲವೇ ಒಂದು ಜಾತಿಯ ಒಂದು ಸಮೂಹದ ಶೇಕಡ 1ರಷ್ಟಾದರೂ ಹಕ್ಕಿಗಳು ಅಲ್ಲಿ ನಿಯಮಿತವಾಗಿ ಸೇರುತ್ತಿದ್ದರೆ, ಆ ಜಾಗವನ್ನು ಅಂತರರಾಷ್ಟ್ರೀಯ ಮಹತ್ವದ್ದೆಂದು ಪರಿಗಣಿಸಬಹುದೆಂದು ರಾಮ್ಸಾರ್ ಒಪ್ಪಂದದ ಮಾನದಂಡಗಳು ಹೇಳುತ್ತವೆ. ಶೇಕಡ 1 ಎಂದರೆ ಎಷ್ಟು ಹಕ್ಕಿ ಎಂದು ತೀರ್ಮಾನಿಸಲು ಒಟ್ಟು ಸಂಖ್ಯೆ ಬೇಕು. ಆ ಒಟ್ಟು ಸಂಖ್ಯೆಗೆ ಆಧಾರವಾಗಿರುವುದರಲ್ಲಿ ಬಹುಪಾಲು ಸ್ವಯಂಸೇವಕರು ಕೆರೆ ಏರಿಯ ಮೇಲೆ ನಿಂತು ಮಾಡಿದ ಇಂಥ ಅಂದಾಜುಗಳೇ. ಹಿಂಡಿನ ಒಂದೊಂದು ಹಕ್ಕಿಯನ್ನೂ ಬೆರಳಿಟ್ಟು ಎಣಿಸಲು ಯಾರಿಗೂ ಸಾಧ್ಯವಿಲ್ಲ. ಅಂದಾಜನ್ನು ಶಿಸ್ತಿನಿಂದ ಮಾಡಿ, ಅದನ್ನು ಅಂದಾಜು ಎಂದೇ ಬರೆದಿಟ್ಟರೆ ಅದೂ ಗಣಿತವೇ. ನಿಮ್ಮ ಸಹೋದ್ಯೋಗಿಯವರನ್ನೇ ಆ ದಿನ ಕರೆದುಕೊಂಡು ಹೋಗಿ, ಅವರಿಗಿಂತ ಒಳ್ಳೆಯ ಎಣಿಕೆಗಾರ ಸಿಗಲಾರರು.

ವಿಧಾನ ಹೀಗಿದೆ. ಹಿಂಡಿನ ಒಂದು ಭಾಗದಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಹಕ್ಕಿ ದುರ್ಬೀನಿನ ನೋಟದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಅಂಥ ಐದು ಸೇರಿಸಿ ಐವತ್ತರ ಒಂದು ತುಂಡು ಕಲ್ಪಿಸಿಕೊಂಡು, ಆ ತುಂಡನ್ನು ಹಿಂಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿಸುತ್ತ ಹೋಗಿ. ಹಿಂಡು ನಡುವೆ ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಇರುವುದರಿಂದ, ದಟ್ಟವಾದ ಜಾಗದಲ್ಲಿ ಅಳತೆ ಹಿಡಿದು ಅದನ್ನೇ ಎಲ್ಲೆಡೆ ಬಳಸಿದರೆ ಲೆಕ್ಕ ಉಬ್ಬುತ್ತದೆ. ಎರಡು ಮೂರು ಕಡೆ ಹೊಸದಾಗಿ ಹತ್ತನ್ನು ಎಣಿಸಿ ಅಳತೆಯನ್ನು ತಿದ್ದಿಕೊಳ್ಳಬೇಕು. ಹಾಗೆಂದು ಅನುಭವವಿಲ್ಲದವರು ಲೆಕ್ಕ ಉಬ್ಬಿಸುವುದೇ ಹೆಚ್ಚು ಎಂದುಕೊಳ್ಳಬೇಡಿ. ಸಾವಿರ ದಾಟಿದ ಹಿಂಡುಗಳಲ್ಲಿ ಸಾಮಾನ್ಯವಾಗಿ ಆಗುವುದು ಕಡಿಮೆ ಎಣಿಸುವ ತಪ್ಪು, ಏಕೆಂದರೆ ಹಿಂದಿನ ಸಾಲಿನ ಹಕ್ಕಿಗಳು ಮುಂದಿನವುಗಳ ಮರೆಯಲ್ಲಿ ಇರುತ್ತವೆ. ಆದ್ದರಿಂದ ಕೆರೆ ಏರಿಯಂಥ ಎತ್ತರದ ಜಾಗ ಆರಿಸಿಕೊಳ್ಳಿ, ಬೆಳಗಿನ ಬಿಸಿಲು ಬೆನ್ನಿಗಿರಲಿ. ಎದುರುಬಿಸಿಲಿನಲ್ಲಿ ಎಲ್ಲ ಬಾತೂ ಕಪ್ಪೇ.

ಮಕ್ಕಳಿಗೆ ತರಬೇತಿ ಕೊಡಲು ದುರ್ಬೀನೂ ಬೇಡ. ಕಪ್ಪು ಬಟ್ಟೆಯ ಮೇಲೆ ಒಂದು ಹಿಡಿ ಕಡಲೆಯನ್ನು ಎರಚಿ, ಐದು ಎಣಿಸುವಷ್ಟು ಹೊತ್ತು ತೋರಿಸಿ, ಮೇಲೆ ಇನ್ನೊಂದು ಬಟ್ಟೆ ಮುಚ್ಚಿಬಿಡಿ. ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಯಾರಿಗೂ ಹೇಳದೆ ಚೀಟಿಯಲ್ಲಿ ಬರೆಯಲಿ, ಆಮೇಲೆ ನಿಜವಾಗಿ ಎಣಿಸಲಿ. ಕೆಲವು ಸುತ್ತು ಆಡಿದ ಮೇಲೆ ಯಾರು ಸದಾ ಹೆಚ್ಚು ಹೇಳುತ್ತಾರೆ, ಯಾರು ಸದಾ ಕಡಿಮೆ ಹೇಳುತ್ತಾರೆ ಎಂಬುದು ಅವರವರಿಗೇ ಅರ್ಥವಾಗುತ್ತದೆ. ಕೆರೆಯಲ್ಲಿಯೂ ಇದೇ ನಿಯಮ: ಇಬ್ಬರು ಪ್ರತ್ಯೇಕವಾಗಿ ಎಣಿಸಬೇಕು, ಮುಗಿಯುವವರೆಗೆ ಒಬ್ಬರ ಸಂಖ್ಯೆ ಇನ್ನೊಬ್ಬರ ಕಿವಿಗೆ ಬೀಳಬಾರದು. ಎರಡೂ ಬಹಳ ದೂರವಿದ್ದರೆ ಸರಾಸರಿ ತೆಗೆಯುವ ಬದಲು ಇನ್ನೊಮ್ಮೆ ಎಣಿಸುವುದು ಲೇಸು. ಅಂದಾಜು ನಾನೂರು ಎಂದಾದರೆ 400 ಎಂದೇ ಬರೆಯಿರಿ. 387 ಎಂದು ಬರೆದರೆ, ಇಲ್ಲದ ನಿಖರತೆಯನ್ನು ಇದೆಯೆಂದು ತೋರಿಸಿದಂತಾಗುತ್ತದೆ.

ಇನ್ನು ಕಂದು ಬಾತುಗಳ ವಿಷಯ. ಆಕಾರ ಮತ್ತು ನಡವಳಿಕೆ ಬಣ್ಣಕ್ಕಿಂತ ಹೆಚ್ಚು ನೆರವಾಗುತ್ತವೆ. ಉದ್ದ ಕತ್ತು, ಚೂಪು ಬಾಲ ಇದ್ದು, ತಲೆಯನ್ನು ನೀರಿಗೆ ಅದ್ದಿ ಬಾಲ ಮೇಲೆತ್ತಿ ಮೇಯುತ್ತಿದ್ದರೆ ಅದು ಸೂಜಿಬಾಲದ ಬಾತು ಆಗಿರುವ ಸಂಭವವೇ ಹೆಚ್ಚು. ಸಲಿಕೆ ಕೊಕ್ಕಿನ ಬಾತಿನ ಹೆಣ್ಣು ಎಷ್ಟೇ ಕಂದಾಗಿದ್ದರೂ ಅದರ ಅಗಲ ಕೊಕ್ಕು ಅದನ್ನು ಬಿಟ್ಟುಕೊಡುತ್ತದೆ. ಅವು ಹಲವು ಸೇರಿ ನೀರಿನ ಮೇಲೆ ಸುತ್ತು ಸುತ್ತಾಗಿ ತಿರುಗುತ್ತ ಮೇಯುವುದೂ ಉಂಟು. ಬಿಳಿಹುಬ್ಬಿನ ಬಾತು ಮಾತ್ರ ಜನವರಿಯಲ್ಲಿ ಕಷ್ಟ ಕೊಡುತ್ತದೆ, ಏಕೆಂದರೆ ಗಂಡುಗಳು ತಮ್ಮ ಹುಬ್ಬಿನ ಬಣ್ಣವನ್ನು ಉಳಿದ ಬಾತುಗಳಿಗಿಂತ ತಡವಾಗಿ ಪಡೆಯುತ್ತವೆ. ಇಷ್ಟಾದರೂ ತಿಳಿಯದೆ ಉಳಿದವುಗಳನ್ನು ‘ಗುರುತಿಸಲಾಗದ ಬಾತು’ ಎಂಬ ಸಾಲಿನಲ್ಲಿ ಬರೆಯಿರಿ. ಗಣತಿಯ ನಮೂನೆಯಲ್ಲಿಯೂ ಹಕ್ಕಿಪಟ್ಟಿಗಳನ್ನು ದಾಖಲಿಸುವ ಅಂತರಜಾಲ ತಾಣವಾದ ಇ-ಬರ್ಡ್‌ನಲ್ಲಿಯೂ ಅದಕ್ಕೆ ಅವಕಾಶವಿದೆ, ಅದನ್ನು ಬಳಸಲು ನಾಚಿಕೆ ಪಡಬೇಕಾಗಿಲ್ಲ. ಊಹಿಸಿ ಬರೆದ ಒಂದು ಹೆಸರಿಗಿಂತ ಹೆಸರಿಲ್ಲದ ಇನ್ನೂರು ಬಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜೌಗು ಸೆಳೆವ ಬಂದಾಗ ಎಣಿಕೆ ಮುಗಿಯಿತೆಂದು ಭಾವಿಸಬೇಡಿ. ಕುಳಿತಾಗ ಮರೆಯಲ್ಲಿದ್ದವೂ ಆಗ ಕಾಣಿಸುತ್ತವೆ. ಒಬ್ಬರು ಮೊಬೈಲಿನಲ್ಲಾದರೂ ಸರಿ, ಒಂದರ ಅಂಚು ಮತ್ತೊಂದರಲ್ಲಿ ಬರುವಂತೆ ನಾಲ್ಕಾರು ಚಿತ್ರ ತೆಗೆದಿಟ್ಟುಕೊಂಡರೆ, ಮನೆಗೆ ಹೋಗಿ ಪರದೆಯ ಮೇಲೆ ಚುಕ್ಕೆ ಇಡುತ್ತ ಎಣಿಸಿ ನಿಮ್ಮ ಅಂದಾಜನ್ನು ಪರೀಕ್ಷಿಸಬಹುದು. ಹಕ್ಕಿಗಳನ್ನು ಬೇಕೆಂದೇ ಎಬ್ಬಿಸುವುದು ಮಾತ್ರ ಕೂಡದು; ಡ್ರೋನ್ ಹಾರಿಸುವ ಯೋಚನೆ ಯುವಕರಿಗೆ ಬಂದರೆ ಅಲ್ಲಿಯೇ ತಡೆಯಿರಿ.

ಉತ್ತರ
ಬರೆದವರು: ಎರೆಹೊಲ

ನಾನು ಲಕ್ಷ್ಮೇಶ್ವರದ ಕಡೆಯವನು, ಒಕ್ಕಲುತನದವನು. ಹೆಬ್ಬಾತುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಏರಿಮೇಲೆ ಅವರು ಬೆಳಗಿನ ಬಿಸಿಲಿನ ಮಾತು ಆಡಿದ್ದಾರೆ. ಬಾತುಗಳಿಗೆ ಅದು ಸರಿ, ಹೆಬ್ಬಾತಿಗೆ ಸರಿಹೋಗುವುದಿಲ್ಲ. ನಮ್ಮ ಕಡೆ ನಾನು ಕಂಡಂತೆ ಅವು ಬೆಳಗಿನ ಜಾವದಲ್ಲಿ ಶೇಂಗಾ ಕಿತ್ತ ಹೊಲಗಳಿಗೂ ಕಡಲೆ ಹೊಲಗಳಿಗೂ ಇಳಿದು ಮೇಯುತ್ತವೆ, ಬಿಸಿಲು ಏರಿದ ಮೇಲೆ ಕೆರೆಗೆ ಮರಳಿ ನಡುನೀರಿನಲ್ಲಿಯೂ ದಂಡೆಯಲ್ಲಿಯೂ ವಿಶ್ರಾಂತಿ ಪಡೆಯುತ್ತವೆ, ಸಂಜೆ ಮತ್ತೆ ಹೊರಡುತ್ತವೆ. ಏಳು ಗಂಟೆಗೆ ಕೆರೆಯಲ್ಲಿ ಎಣಿಸಿದರೆ ಹಿಂಡಿನ ಒಂದು ಪಾಲು ಮಾತ್ರ ಸಿಗುತ್ತದೆ. ಮರಳುವಾಗ ಅವು ಚಿಕ್ಕ ಚಿಕ್ಕ ಸಾಲುಗಳಲ್ಲಿ, ದೂರದಿಂದಲೇ ಕೇಳುವಂತೆ ಕೂಗುತ್ತ ಬರುತ್ತವೆ. ಒಂದೊಂದು ಸಾಲಿನಲ್ಲಿ ಇಪ್ಪತ್ತೋ ನಲವತ್ತೋ ಇರುವುದರಿಂದ ಒಂದೊಂದಾಗಿಯೇ ಎಣಿಸಬಹುದು, ಅಂದಾಜಿನ ಗೊಡವೆ ಬೇಕಾಗುವುದಿಲ್ಲ. ಒಬ್ಬ ಹುಡುಗ ಸಾಲಿನ ಹೊತ್ತು ಮತ್ತು ಬಂದ ದಿಕ್ಕನ್ನು ಬರೆಯಲಿ, ಇನ್ನೊಬ್ಬ ಎಣಿಸಲಿ. ಎಲ್ಲವೂ ಇಳಿದ ಮೇಲೆ ನೀರಿನ ಮೇಲಿರುವುದನ್ನು ಒಟ್ಟಾಗಿ ಎಣಿಸಿ ತಾಳೆ ನೋಡಿರಿ.

ಹೊಲದೊಳಗೆ ಹೋಗಿ ಎಣಿಸಲು ನಾನು ಒಪ್ಪುವುದಿಲ್ಲ. ಒಂದನೆಯದಾಗಿ, ಮನುಷ್ಯರು ಕಂಡ ಕೂಡಲೇ ಅವು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತವೆ, ನೀವು ಅವನ್ನೇ ಮತ್ತೆ ಎಣಿಸುತ್ತೀರಿ. ಎರಡನೆಯದಾಗಿ, ಎಳೆಯ ಕಡಲೆಯನ್ನು ಹೆಬ್ಬಾತು ಕತ್ತರಿಸಿ ತಿನ್ನುವುದರಿಂದ ರೈತರಿಗೆ ನಷ್ಟವಿದೆ. ದುರ್ಬೀನು ಹಿಡಿದು ಬಂದವರು ಹಕ್ಕಿಯ ಪರವೋ ತಮ್ಮ ಪರವೋ ಎಂಬ ಅನುಮಾನ ಅವರಿಗೆ ಬರುವುದು ಸಹಜ. ಪ್ಯಾಟಿಯಿಂದ ಬರುವ ಪಕ್ಷಿಪ್ರೇಮಿಗಳಲ್ಲಿ ಹಲವರು ಈ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ನೀವು ಊರಿನ ಶಿಕ್ಷಕರು, ಹಿಂದಿನ ವಾರವೇ ಕೆರೆಯ ಸುತ್ತಲಿನ ಹೊಲದವರನ್ನು ಮಾತನಾಡಿಸಿರಿ. ಹಿಂಡು ಯಾವ ಹೊಲದಲ್ಲಿ ಯಾವ ಹೊತ್ತಿಗೆ ಇಳಿಯುತ್ತದೆ, ಈ ವರ್ಷ ಎಂದು ಬಂತು ಎಂಬುದು ಅವರಿಗೆ ತಿಳಿದಿರುವಷ್ಟು ಇನ್ನಾರಿಗೂ ತಿಳಿದಿರುವುದಿಲ್ಲ.

ಮಾಗಡಿಯ ಹಕ್ಕಿ ನಿಮ್ಮಲ್ಲಿಯೂ ಲೆಕ್ಕಕ್ಕೆ ಬರುವ ಭಯಕ್ಕೆ ಒಂದೇ ದಾರಿ. ಅಲ್ಲಿ ಎಣಿಸುವ ದಿನವೇ, ಅದೇ ಹೊತ್ತಿಗೆ ನೀವೂ ಎಣಿಸಿರಿ.

ಉತ್ತರ
ಬರೆದವರು: ಕೆಂಬರಲು

ಇ-ಬರ್ಡ್‌ಗೆ ಬರುವ ಪಟ್ಟಿಗಳನ್ನು ಸ್ವಯಂಸೇವಕನಾಗಿ ಪರಿಶೀಲಿಸುವ ನನ್ನ ಅನುಭವದಿಂದ ಕೆಲವು ಮಾತು ಸೇರಿಸುತ್ತೇನೆ. ನೀವು ‘ಅಪರೂಪದ ಹಕ್ಕಿಯಿಲ್ಲದ ಕೆರೆ’ ಎಂದು ಬರೆಯದಿದ್ದರೂ ಪ್ರಶ್ನೆಯ ಹಿಂದೆ ಆ ಅಳುಕು ಇರುವಂತೆ ನನಗೆ ತೋರಿತು. ಈ ಗಣತಿಗೆ ಅಪರೂಪದ ಹಕ್ಕಿ ಮುಖ್ಯವಲ್ಲ. ಒಂದೇ ಕೆರೆಯನ್ನು, ಒಂದೇ ಜಾಗದಲ್ಲಿ ನಿಂತು, ಪ್ರತಿ ಜನವರಿಯಲ್ಲಿ ಎಣಿಸುವವರು ಮುಖ್ಯ. ಪ್ರಸಿದ್ಧ ಕೆರೆಗಳಿಗೆ ಕ್ಯಾಮರಾಗಳ ಸಾಲೇ ಹೋಗುತ್ತದೆ, ನಿಮ್ಮಂಥ ಕೆರೆಗಳ ಮಾಹಿತಿಯೇ ಸಿಗುವುದಿಲ್ಲ.

ಆದರೆ ಬಂದ ಸಂಖ್ಯೆಯನ್ನು ಓದುವಾಗ ನೀರಿನ ಮಟ್ಟವನ್ನು ಮರೆಯಬಾರದು. ಹಿಂಗಾರು ಚೆನ್ನಾಗಿ ಸುರಿದು ಕೆರೆ ಕೋಡಿ ಹರಿದ ವರ್ಷ ಸುತ್ತಲಿನ ಪ್ರತಿ ಹೊಂಡದಲ್ಲಿಯೂ ನೀರು ಇರುತ್ತದೆ. ಬಾತುಗಳು ಹಂಚಿಹೋಗುತ್ತವೆ, ನಿಮ್ಮ ಕೆರೆಯ ಲೆಕ್ಕ ಕುಸಿಯುತ್ತದೆ. ಮೇಲೆಮೇಲೆ ಮೇಯುವ ಬಾತುಗಳಿಗೆ ಆಳವಿಲ್ಲದ ನೀರು ಬೇಕು. ಮೆಟ್ಟುಗಾಲು ಹಕ್ಕಿ, ಗದ್ದೆಗೊರವಗಳಿಗಂತೂ ಕೆಸರಿನ ಅಂಚೇ ಬೇಕು. ತುಂಬಿದ ಕೆರೆಯಲ್ಲಿ ಆ ಅಂಚು ಮುಳುಗಿಹೋಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಇದಕ್ಕೆ ತಿರುಗುಮುರುಗಾಗಿ, ನೀರು ಉಳಿದ ಒಂದೆರಡು ಕೆರೆಗಳಲ್ಲಿ ಸೀಮೆಯ ಹಕ್ಕಿಗಳೆಲ್ಲ ಬಂದು ತುಂಬುತ್ತವೆ. ಆಗಿನ ಏರಿಕೆಯನ್ನು ಕಂಡು ‘ಹಕ್ಕಿಗಳು ಹೆಚ್ಚಿದವು’ ಎಂದು ಪತ್ರಿಕೆಗೆ ಬರೆಯುವುದೂ, ಮರುವರ್ಷ ಇಳಿದಾಗ ‘ಹಕ್ಕಿಗಳು ಮಾಯವಾದವು’ ಎಂದು ಬರೆಯುವುದೂ ಎರಡೂ ಆತುರದ ಮಾತು. ಗಣತಿಯ ನಮೂನೆಯಲ್ಲಿ ಜಾಗದ ಸ್ಥಿತಿಗತಿಯ ವಿವರ ಕೇಳುತ್ತಾರೆ. ಅದನ್ನು ಖಾಲಿ ಬಿಡದೆ, ನೀರು ಎಷ್ಟು ಭಾಗ ಇದೆ, ಆಪು ಎಷ್ಟು ಹಬ್ಬಿದೆ, ಮೀನುಗಾರಿಕೆ ನಡೆದಿದೆಯೇ, ಮಣ್ಣು ತೆಗೆದಿದ್ದಾರೆಯೇ ಎಂಬುದನ್ನೆಲ್ಲ ಬರೆಯಿರಿ. ಕೆರೆ ಪೂರ್ತಿ ಒಣಗಿದ್ದರೂ ಹೋಗಿ, ನೀರಿಲ್ಲ, ನೀರುಹಕ್ಕಿ ಶೂನ್ಯ ಎಂದು ದಾಖಲಿಸಿ. ದಾಖಲೆಯಿಲ್ಲದ ವರ್ಷಕ್ಕೂ ಶೂನ್ಯವೆಂದು ದಾಖಲಾದ ವರ್ಷಕ್ಕೂ ಬಹಳ ಅಂತರವಿದೆ.

ಇ-ಬರ್ಡ್‌ನಲ್ಲಿ ಸಂಖ್ಯೆಯ ಬದಲು ಎಕ್ಸ್ ಎಂದು ಹಾಕುವ ಸೌಲಭ್ಯವಿದೆ. ಗಣತಿಯ ಪಟ್ಟಿಯಲ್ಲಿ ಅದನ್ನು ಬಳಸಬೇಡಿ, ಒರಟು ಅಂದಾಜಾದರೂ ಸರಿ, ಸಂಖ್ಯೆಯನ್ನೇ ಬರೆಯಿರಿ. ಒಂದು ಕೆರೆಗೆ ಒಂದೇ ಪಟ್ಟಿ ಮಾಡಿ. ಐದು ಮಂದಿ ಐದು ಬೇರೆ ಪಟ್ಟಿಗಳನ್ನು ಕಳಿಸಿದರೆ ಒಂದೇ ಹಿಂಡು ಐದು ಹಿಂಡಾಗುತ್ತದೆ.

ಹೆಬ್ಬಾತುಗಳ ಕತ್ತನ್ನು ಮಾತ್ರ ಗಮನವಿಟ್ಟು ನೋಡಿ. ಮಂಗೋಲಿಯಾದಲ್ಲಿ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿರುವುದುಂಟು. ಅಂಥದ್ದು ಸಿಕ್ಕರೆ ಪಟ್ಟಿಯ ಬಣ್ಣ ಮತ್ತು ಅದರ ಮೇಲಿನ ಅಕ್ಷರಗಳನ್ನು ಬರೆದುಕೊಂಡು, ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ
ಬರೆದವರು: ಹೊಲದಂಚು

ಮೂವರಿಗೂ ಕೃತಜ್ಞತೆಗಳು. ಕಡಲೆಯ ಆಟವನ್ನು ನಾಳೆಯೇ ತರಗತಿಯಲ್ಲಿ ಆಡಿಸುತ್ತೇನೆ, ಗಣಿತದ ಶಿಕ್ಷಕರೇ ಅದಕ್ಕೆ ತೀರ್ಪುಗಾರರು. ಇನ್ನೆರಡು ಅನುಮಾನಗಳು ಉಳಿದಿವೆ. ನಮ್ಮ ಕೆರೆಯನ್ನು ಮೀನು ಸಾಕಲು ಗುತ್ತಿಗೆಗೆ ಕೊಟ್ಟಿದ್ದಾರೆ. ನೀರುಕಾಗೆಗಳನ್ನು ಓಡಿಸಲು ಬೆಳಿಗ್ಗೆ ಪಟಾಕಿ ಹೊಡೆಯುವುದೂ ಇದೆ. ಅಲ್ಲದೆ ಈ ವರ್ಷ ಹತ್ತು ಮಂದಿ ಬಂದು ಮುಂದಿನ ವರ್ಷ ಇಬ್ಬರೇ ಬಂದರೆ, ಎರಡು ವರ್ಷಗಳ ಲೆಕ್ಕವನ್ನು ಹೋಲಿಸುವುದು ಹೇಗೆ?

ಉತ್ತರ
ಬರೆದವರು: ದೂರದಕೊಕ್ಕರೆ

ಎರಡನೆಯ ಅನುಮಾನಕ್ಕೆ ಅಮೆರಿಕದ ಒಂದು ಹಳೆಯ ಪದ್ಧತಿಯಲ್ಲಿ ಉತ್ತರವಿದೆ. ನಾನು ನ್ಯೂಜೆರ್ಸಿಯಲ್ಲಿ ನೆಲಸಿರುವ ಧಾರವಾಡದವನು, ಇಲ್ಲಿನ ಕ್ರಿಸ್ಮಸ್ ಹಕ್ಕಿ ಗಣತಿಯಲ್ಲಿ ಭಾಗವಹಿಸುತ್ತೇನೆ. ಹಬ್ಬದ ದಿನ ಪೈಪೋಟಿಯಲ್ಲಿ ಹಕ್ಕಿ ಹೊಡೆಯುತ್ತಿದ್ದ ಕಾಲದಲ್ಲಿ, ಅದಕ್ಕೆ ಬದಲಾಗಿ ಎಣಿಸೋಣ ಎಂದು ಫ್ರಾಂಕ್ ಚಾಪ್‌ಮನ್ 1900ರಲ್ಲಿ ಆರಂಭಿಸಿದ ಗಣತಿ ಇದು. 15 ಮೈಲಿ ವ್ಯಾಸದ ಒಂದು ವೃತ್ತವನ್ನು ಗುರುತು ಮಾಡಿ, ಡಿಸೆಂಬರ್ 14ರಿಂದ ಜನವರಿ 5ರ ನಡುವಿನ ಒಂದು ದಿನ ಅದರೊಳಗಿನ ಎಲ್ಲ ಹಕ್ಕಿಗಳನ್ನು ಎಣಿಸುತ್ತಾರೆ. ಎಷ್ಟು ತಂಡ, ಎಷ್ಟು ಗಂಟೆ, ಎಷ್ಟು ಮೈಲಿ ಎಂಬ ಲೆಕ್ಕವೂ ಹಕ್ಕಿಗಳ ಲೆಕ್ಕದ ಜೊತೆಗೇ ಹೋಗುತ್ತದೆ. ಜನ ಹೆಚ್ಚಿದ್ದರಿಂದ ಹಕ್ಕಿ ಹೆಚ್ಚು ಸಿಕ್ಕಿತೋ, ಹಕ್ಕಿಯೇ ಹೆಚ್ಚಿತ್ತೋ ಎಂಬುದನ್ನು ಬೇರ್ಪಡಿಸಲು ಅದು ಬೇಕು. ನೀವೂ ಆರಂಭದ ಹೊತ್ತು, ಮುಗಿದ ಹೊತ್ತು, ಎಣಿಸಿದವರ ಸಂಖ್ಯೆ, ದುರ್ಬೀನುಗಳ ಸಂಖ್ಯೆ ಇಷ್ಟನ್ನು ತಪ್ಪದೆ ಬರೆದಿಡಿ. ನಿಂತ ಜಾಗಗಳನ್ನು ಕೆರೆಯ ನಕ್ಷೆಯ ಮೇಲೆ ಗುರುತು ಮಾಡಿದರೆ, ನಿಮಗೆ ವರ್ಗವಾದರೂ ನಿಮ್ಮ ನಂತರ ಬರುವ ಶಿಕ್ಷಕರು ಅಲ್ಲಿಯೇ ನಿಲ್ಲಬಹುದು.

ಉತ್ತರ
ಬರೆದವರು: ಏರಿಮೇಲೆ

ಗುತ್ತಿಗೆದಾರರನ್ನು ಹಿಂದಿನ ದಿನವೇ ಕಂಡು, ಎಣಿಕೆ ಮುಗಿಯುವವರೆಗೆ ಪಟಾಕಿ ಹೊಡೆಯದಂತೆಯೂ ತೆಪ್ಪ ಇಳಿಸದಂತೆಯೂ ಕೇಳಿಕೊಳ್ಳಿ. ಹೆಚ್ಚಿನವರು ಒಂದು ಬೆಳಗಿನ ಮಟ್ಟಿಗೆ ಒಪ್ಪುತ್ತಾರೆ. ಒಪ್ಪದಿದ್ದರೆ ಜಗಳ ಬೇಡ, ಪಟಾಕಿ ಹೊಡೆದ ಹೊತ್ತನ್ನು ಟಿಪ್ಪಣಿಯಲ್ಲಿ ಬರೆದರೆ ಸಾಕು. ಗ್ರಾಮ ಪಂಚಾಯಿತಿಗೆ ಒಂದು ಪತ್ರ ಕೊಟ್ಟಿರುವುದು ಒಳ್ಳೆಯದು. ಮಾಗಡಿಯಂಥ ಸಂರಕ್ಷಿತ ಕೆರೆಯಾದರೆ ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆಯಬೇಕು. ಮಕ್ಕಳನ್ನು ಏರಿಯ ನೀರಿನ ಕಡೆಯ ಇಳಿಜಾರಿಗೆ ಬಿಡಬೇಡಿ, ಪ್ರತಿ ನಾಲ್ಕೈದು ಮಕ್ಕಳಿಗೆ ಒಬ್ಬ ಹಿರಿಯರಾದರೂ ಇರಲಿ.

ಉಳಿದ ಮಕ್ಕಳು ತಮ್ಮನ್ನು ಬಿಟ್ಟಿರೆಂದು ಬೇಸರಪಟ್ಟರೆ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇದೆ. ಶಾಲೆಯ ಅಂಗಳದಲ್ಲಿ ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳನ್ನು ಬರೆದರೂ ಅಲ್ಲಿ ಒಂದು ಪಟ್ಟಿಯಾಗುತ್ತದೆ.

ಉತ್ತರ
ಬರೆದವರು: ಎರೆಹೊಲ

ಮಾಗಡಿಯಲ್ಲಿ ಯಾವ ದಿನ ಎಣಿಸುತ್ತಾರೆಂದು ವಿಚಾರಿಸಿ ಇಲ್ಲಿಯೇ ಬರೆಯುತ್ತೇನೆ. ಸಾಮಾನ್ಯವಾಗಿ ಜನವರಿಯ ಎರಡನೆಯ ಇಲ್ಲವೇ ಮೂರನೆಯ ವಾರ ಇರುತ್ತದೆ. ಸಂಕ್ರಾಂತಿಯ ದಿನ ಮಾತ್ರ ಬೇಡ, ಕೆರೆಯ ದಂಡೆಯ ತುಂಬ ಬುತ್ತಿ ಕಟ್ಟಿಕೊಂಡು ಬಂದವರೇ ಇರುತ್ತಾರೆ. ಬಾತುಗಳನ್ನು ಬೆಳಿಗ್ಗೆ ಏಳಕ್ಕೆ ಶುರುಮಾಡಿ ಮುಗಿಸಿಕೊಂಡು, ಹೆಬ್ಬಾತುಗಳು ಹೊಲದಿಂದ ಮರಳುವ ಹೊತ್ತಿಗೆ ಮಕ್ಕಳಿಗೆ ರೊಟ್ಟಿ ತಿನ್ನಿಸಿ ಸಿದ್ಧವಾಗಿರಿ. ಹೆಚ್ಚಿನ ದುರ್ಬೀನು ಬೇಕಾದರೆ ಹೇಳಿರಿ, ನನ್ನ ಹತ್ತಿರ ಒಂದಿದೆ.